ಅಂಗೈ ಉರಿಸದ ಚೆಂಡು

ಆ ವರ್ಷ ಮಿಡತೆ ಸಾಫ್ಟ್‌ಬಾಲ್ ಪಂದ್ಯಕ್ಕೆ ಇಳಿದಾಗಲೆಲ್ಲ ಅವಳ ಬ್ಯಾಟು ತಡವಾಗಿಯೇ ಬರುತ್ತಿತ್ತು. ಚೆಂಡು ಹಿಂದೆ ಕುಕ್ಕರಗಾಲಲ್ಲಿ ಕೂತ ಕ್ಯಾಚರ್ ಹುಡುಗಿಯ ಗ್ಲೌಸಿನೊಳಗೆ ಟಪ್ಪೆಂದು ಬಿದ್ದಾದ ಮೇಲೆ ಇವಳ ಬ್ಯಾಟು ಬರೀ ಗಾಳಿಯನ್ನು ಹೊಡೆದುಕೊಂಡು ಹೋಗುತ್ತಿತ್ತು. ಅಪ್ಪಿತಪ್ಪಿ ತಗುಲಿದರೂ ಚೆಂಡು ಬಲಗಡೆಯ ಗೆರೆ ದಾಟಿ, ನೀರಿನ ನಲ್ಲಿಯ ಹತ್ತಿರ ಸೈಕಲ್ಲು ನಿಲ್ಲಿಸಿದವರ ಮೇಲೆ ಹೋಗಿ ಬೀಳುತ್ತಿತ್ತು.

"ಚೆಂಡು ಮನೆಯೊಳಗೆ ಬಂದು, ಕೂತು, ಚಹಾ ಕುಡಿದಾದ ಮೇಲೆ ನೀನು ಬಾಗಿಲು ತೆಗೀತೀಯಲ್ಲೇ" ಎಂದು ಕೋಚ್ ಹೇಳಿದಾಗ ತಂಡದ ಹುಡುಗಿಯರೆಲ್ಲ ನಕ್ಕಿದ್ದರು. ಮಿಡತೆಯೂ ನಕ್ಕಿದ್ದಳು. ಆಮೇಲೆ ಹೆಲ್ಮೆಟ್ಟನ್ನು ತೆಗೆಯದೆ ಬೆಂಚಿನ ತುದಿಯಲ್ಲಿ ಕೂತಿದ್ದಳು, ಕಣ್ಣು ಕಾಣಬಾರದೆಂದು.

ಮಿಡತೆ ಎಂಬ ಹೆಸರನ್ನು ಇಟ್ಟವಳೂ ಕೋಚೇ. ಬ್ಯಾಟು ಬೀಸುವ ಮುಂಚೆ ಹುಡುಗಿ ಮುಂಗಾಲನ್ನು ಎತ್ತಿ ಒಮ್ಮೆ ಪುಟಕ್ಕನೆ ಹಾರುತ್ತಿದ್ದಳು. ಕಾಲು ನೆಲಕ್ಕೆ ಬಂದು, ಸೊಂಟ ತಿರುಗಿ, ಅದರ ಹಿಂದೆ ಕೈ ಬರುವಷ್ಟರಲ್ಲಿ ಚೆಂಡು ದಾಟಿಹೋಗಿರುತ್ತಿತ್ತು. ಕೋಚ್ ಆ ಹಾರಾಟವನ್ನು ಬಿಡಿಸಲು ಪಟ್ಟ ಪಾಡು ಒಂದೆರಡಲ್ಲ. ಕಾಲ ಪಕ್ಕದಲ್ಲಿ ಇಟ್ಟಿಗೆ ಇಟ್ಟಳು. ಬ್ಯಾಟಿನ ಹಿಡಿತ ಬದಲಾಯಿಸಿದಳು. ಮೊಣಕೈ ಕೆಳಗಿಳಿಸಿದಳು, ಮತ್ತೆ ಮೇಲಕ್ಕೆತ್ತಿಸಿದಳು. ಒಂದೊಂದು ತಿದ್ದುಪಡಿಗೂ ಹುಡುಗಿ ಇನ್ನಷ್ಟು ಬಿಗಿಯಾದಳೇ ಹೊರತು ಚೆಂಡು ಸಿಗಲಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗಿ, ಹೋದ ವರ್ಷ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೊಡೆದವಳು. ಈ ವರ್ಷ ಏನಾಯಿತೆಂದು ಯಾರಿಗೂ ತಿಳಿಯಲಿಲ್ಲ.

ವಿಚಿತ್ರವೆಂದರೆ ಮನೆಯಲ್ಲಿ ಅವಳು ಒಂದು ಚೆಂಡನ್ನೂ ಬಿಡುತ್ತಿರಲಿಲ್ಲ.

ಮನೆಯವರದು ಲಾಂಡ್ರಿ. ಕೆಳಗೆ ಅಂಗಡಿ, ಮೇಲೆ ಮನೆ. ಅಪ್ಪ ಬಟ್ಟೆ ಒಗೆದು, ವ್ಯಾನಿನಲ್ಲಿ ಊರೆಲ್ಲ ಹಂಚಿ ಬರುತ್ತಿದ್ದ. ಅಮ್ಮ ಇಸ್ತ್ರಿ ಮೇಜಿನ ಮುಂದೆ ನಿಲ್ಲುತ್ತಿದ್ದಳು. ಅಜ್ಜಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ಬಂದವರ ಬಟ್ಟೆಯ ಜೊತೆಗೆ ಅವರ ಮನೆ ಸುದ್ದಿಯನ್ನೂ ತೆಗೆದುಕೊಳ್ಳುತ್ತಿದ್ದಳು. ಅಂಗಡಿಯ ಹಿಂದೆ ಬಾಯ್ಲರಿನ ಗೋಡೆಗೂ ಒಣಹಾಕುವ ತಂತಿಗಳಿಗೂ ನಡುವೆ ಉದ್ದನೆಯ ಓಣಿಯಂಥ ಜಾಗವಿತ್ತು. ಅದರ ಎರಡೂ ತುದಿಗೆ, ಆಸ್ಪತ್ರೆಯವರು ಬೇಡವೆಂದು ಬಿಟ್ಟ ಹರಕು ಬೆಡ್‌ಶೀಟುಗಳನ್ನು ನಾಲ್ಕು ಮಡಿಕೆ ಮಾಡಿ ತೂಗುಹಾಕಿದ್ದರು. ಸಂಜೆ ಇಸ್ತ್ರಿ ಪೆಟ್ಟಿಗೆ ಆರಿಸಿದ ಮೇಲೆ ಅಮ್ಮ ಒಂದು ತುದಿಯಲ್ಲಿ ನಿಂತು ಚೆಂಡೆಸೆದು ಪಕ್ಕಕ್ಕೆ ಸರಿಯುತ್ತಿದ್ದಳು, ಮಗಳು ಇನ್ನೊಂದು ತುದಿಯಲ್ಲಿ ಹೊಡೆಯುತ್ತಿದ್ದಳು.

ಅಮ್ಮ ಸುಮ್ಮನೆ ಎಸೆಯುವವಳಲ್ಲ. ಹುಡುಗಿಯಾಗಿದ್ದಾಗ ಅವಳು ಹೆಸರುವಾಸಿ ಪಿಚ್ಚರ್, ಚೆಂಡೆಸೆಯುವವಳು. ಸಾಫ್ಟ್‌ಬಾಲಿನಲ್ಲಿ ಪಿಚ್ಚರ್ ಆದವಳು ತೋಳನ್ನು ಗಿರಣಿಯ ಚಕ್ರದಂತೆ ಒಂದು ಸುತ್ತು ಪೂರ್ತಿ ತಿರುಗಿಸಿ, ಸೊಂಟದ ಹತ್ತಿರ ಚೆಂಡನ್ನು ಕೈಬಿಡುತ್ತಾಳೆ. ಅಮ್ಮನ ಆ ಸುತ್ತು ಕಣ್ಣಿಗೆ ಕಾಣುತ್ತಲೇ ಇರಲಿಲ್ಲವಂತೆ, ಬರೀ ಸದ್ದು ಕೇಳುತ್ತಿತ್ತಂತೆ. ಅಂದು ಅವಳ ಚೆಂಡನ್ನು ಹಿಡಿಯಲು ಕೂರುತ್ತಿದ್ದ ಕ್ಯಾಚರೇ ಇಂದಿನ ಕೋಚ್. ಇಬ್ಬರೂ ಒಂದೇ ಬೀದಿಯಲ್ಲಿ ಬೆಳೆದವರು. ಈಗಲೂ ಸಿಕ್ಕರೆ 'ಹೋಗೇ ಬಾರೇ' ಎಂದೇ ಮಾತು.

ಇಂಥ ಅಮ್ಮನ ಚೆಂಡನ್ನು ಮಿಡತೆ ದಿನವೂ ಬೆಡ್‌ಶೀಟಿನ ನಟ್ಟನಡುವೆ ಬಾರಿಸುತ್ತಿದ್ದಳು. ಶೀಟು ಉಬ್ಬಿ, ಧೂಳು ಕೊಡವಿಕೊಂಡು ಮತ್ತೆ ನೆಟ್ಟಗಾಗುತ್ತಿತ್ತು. ಮಹಡಿಯ ಕಿಟಕಿಯಿಂದ ನೋಡುತ್ತಿದ್ದ ಅಜ್ಜಿ, "ಮನೇಲಿ ಹುಲಿ, ಬೀದೀಲಿ ಇಲಿ ಅನ್ನೋ ಮಾತು ನಿನಗೇ ಮಾಡಿಟ್ಟಿದ್ದು" ಎನ್ನುತ್ತಿದ್ದಳು.

ಹುಡುಗಿಯನ್ನು ಕೊರೆಯುತ್ತಿದ್ದದ್ದು ಬೇರೆಯದೇ. ಎಷ್ಟು ಚೆನ್ನಾಗಿ ಹೊಡೆದರೂ ಅಮ್ಮ ನಗುತ್ತಿರಲಿಲ್ಲ. ಮೊದಲಾದರೆ ಒಂದು ಒಳ್ಳೆಯ ಹೊಡೆತಕ್ಕೆ ಅಮ್ಮನ ಮುಖವೆಲ್ಲ ಅರಳಿ ಹುಬ್ಬು ಹಣೆಗೇರುತ್ತಿತ್ತು. ಈಗ ಏನೂ ಇಲ್ಲ. ಬಗ್ಗಿ ಬುಟ್ಟಿಯಿಂದ ಇನ್ನೊಂದು ಚೆಂಡು ತೆಗೆದುಕೊಂಡು, "ಮುಂದಿನದು" ಎನ್ನುತ್ತಿದ್ದಳು, ಅದೂ ತಗ್ಗಿದ ದನಿಯಲ್ಲಿ. ಅಂಗಡಿಗೆ ಬರುವವರೂ ಗಮನಿಸಿದ್ದರು. "ಯಾಕಮ್ಮಾ, ಬಟ್ಟೆ ಜೊತೆ ಮುಖಕ್ಕೂ ಇಸ್ತ್ರಿ ಹಾಕ್ಕೊಂಡ್ಯಾ?" ಎಂದು ಅಜ್ಜಿ ಒಂದು ದಿನ ಸೊಸೆಯನ್ನು ಕೇಳಿಯೂಬಿಟ್ಟಿದ್ದಳು. ಪಂದ್ಯದಲ್ಲಿ ತಾನು ಸೋಲುತ್ತಿರುವುದಕ್ಕೆ ಅಮ್ಮನಿಗೆ ಬೇಸರ ಎಂದು ಮಿಡತೆ ತಿಳಿದಳು. ಕೇಳಲು ಧೈರ್ಯ ಬರಲಿಲ್ಲ. ಬ್ಯಾಟನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು, ಅಷ್ಟೇ.

ವಲಯದ ಪಂದ್ಯ ಹತ್ತಿರ ಬಂದಾಗ ಕೋಚ್ ಒಂದು ಭಾನುವಾರ ಮಧ್ಯಾಹ್ನ ಲಾಂಡ್ರಿಗೆ ಬಂದಳು. "ಮನೇಲಿ ಬಾರಿಸ್ತಾಳೆ, ಮೈದಾನದಲ್ಲಿ ಬಾರಿಸಲ್ಲ ಅಂದ್ರೆ ನಾನು ಮನೇಲೇ ನೋಡಬೇಕು. ಶುರು ಮಾಡಿ" ಎಂದು ಬಾಯ್ಲರಿನ ಗೋಡೆಗೆ ಒರಗಿ, ಕೈಕಟ್ಟಿ ನಿಂತಳು.

ಅಮ್ಮ ಎಸೆದಳು. ಮಿಡತೆ ಕಾಲೆತ್ತಿದಳು, ಹಾರಿದಳು, ಇಳಿದಳು, ಹೊಡೆದಳು. ಶೀಟು ಉಬ್ಬಿತು. ಮತ್ತೊಂದು. ಮಗದೊಂದು. ಎಲ್ಲವೂ ನಟ್ಟನಡುವೆ.

ಕೋಚ್ ಹುಡುಗಿಯ ಕಾಲನ್ನೇ ನೋಡುತ್ತಿದ್ದವಳು ನಿಧಾನವಾಗಿ ತಲೆಯೆತ್ತಿ ಅವಳ ತಾಯಿಯ ಕಡೆ ತಿರುಗಿದಳು.

"ಏನೇ, ಮಗಳು ಅಂತ ಮುದ್ದು ಮಾಡ್ತಿದ್ದೀಯಾ? ಸ್ವಲ್ಪ ಜೋರಾಗಿ ಎಸಿ."

"ಜೋರಾಗೇ ಎಸೀತಿದ್ದೀನಲ್ಲ" ಎಂದಳು ಅಮ್ಮ.

"ಆಟ ಆಡಬೇಡ. ಪಂದ್ಯದಲ್ಲಿ ಎಸೀತಿದ್ಯಲ್ಲ, ಹಾಗೆ ಎಸಿ."

"ಹಾಗೇ ಎಸೀತಿರೋದು ಕಣೇ."

ಕೋಚ್ ನಗಲಿಲ್ಲ. ಮಿಡತೆಯನ್ನು ಪಕ್ಕಕ್ಕೆ ಸರಿಸಿ, ಮೂಲೆಯಲ್ಲಿದ್ದ ಹಳೆಯ ಗ್ಲೌಸು ಎತ್ತಿಕೊಂಡು, ಶೀಟಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಮಂಡಿ ಲಟಕ್ಕೆಂದಿತು. "ಬಾ. ನನ್ನ ಕೈಗೆ ಎಸಿ. ಇರೋ ಶಕ್ತಿಯೆಲ್ಲ ಹಾಕು."

ಅಮ್ಮನಿಗೆ ಸಿಟ್ಟು ಬಂದಿತ್ತು. ಅದು ಮುಖದಲ್ಲಿ ಕಾಣದಿದ್ದರೂ ಅವಳು ಚೆಂಡನ್ನು ಸೆರಗಿಗೆ ಒರೆಸಿಕೊಂಡ ರೀತಿಯಲ್ಲಿ ಕಾಣುತ್ತಿತ್ತು. ಹೆಜ್ಜೆ ಮುಂದಿಟ್ಟು, ತೋಳು ಸುತ್ತಿ ಎಸೆದಳು. ಚೆಂಡು ಬಂದು ಗ್ಲೌಸಿನೊಳಗೆ ಬಿತ್ತು. ಅಂಗಡಿಯ ಕೌಂಟರಿನ ಮೇಲೆ ಯಾರೋ ಮಡಚಿದ ಟವೆಲ್ಲು ಇಟ್ಟಷ್ಟೇ ಸದ್ದಾಯಿತು.

ಕೋಚ್ ಗ್ಲೌಸು ಕಳಚಿ ತನ್ನ ಅಂಗೈ ನೋಡಿಕೊಂಡಳು. ಹುಡುಗಿಯರಾಗಿದ್ದಾಗ ಆ ಚೆಂಡುಗಳನ್ನು ಹಿಡಿದು ಹಿಡಿದು ಅವಳ ಅಂಗೈ ಬಾತುಕೊಳ್ಳುತ್ತಿತ್ತು. ರಾತ್ರಿ ಊಟಕ್ಕೆ ತಟ್ಟೆ ಹಿಡಿಯಲಾಗದೆ ತಾಯಿಯ ಕೈಲಿ ಬೈಸಿಕೊಂಡಿದ್ದಳು. ಈಗ ಅಲ್ಲಿ ಒಂದಿಷ್ಟೂ ಕೆಂಪಿರಲಿಲ್ಲ.

"ಇನ್ನೊಂದು" ಎಂದಳು. ದನಿ ಬದಲಾಗಿತ್ತು.

ಇನ್ನೊಂದು ಬಂತು, ಮತ್ತೂ ಒಂದು ಬಂತು. ಕೋಚ್ ಎದ್ದು ಹೋಗಿ ಅಮ್ಮನ ಬಲಗೈಯನ್ನು ಹಿಡಿದುಕೊಂಡಳು. ಹಿಡಿದುಕೊಂಡು ಮೇಲಕ್ಕೆತ್ತಲು ನೋಡಿದಳು. ತೋಳು ತುಕ್ಕು ಹಿಡಿದ ಬಾಗಿಲಿನ ಹಾಗೆ ತಡೆದು ತಡೆದು ಏರಿತು.

"ನೋವಿದೆಯಾ?"

"ಇಲ್ಲ."

"ಯಾವಾಗಿಂದ ಹೀಗೆ?"

"ಹೀಗೆ ಅಂದ್ರೆ ಹೇಗೆ?" ಎಂದಳು ಅಮ್ಮ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ತಾನು ಮೊದಲಿನಷ್ಟೇ ಜೋರಾಗಿ ಎಸೆಯುತ್ತಿದ್ದೇನೆ ಎಂದೇ ಅವಳು ತಿಳಿದಿದ್ದಳು.

ಮಿಡತೆ ಬ್ಯಾಟು ಹಿಡಿದು ಇಬ್ಬರನ್ನೂ ನೋಡುತ್ತ ನಿಂತಿದ್ದಳು. ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು, ಒಮ್ಮೆಗೇ, ಯಾರೋ ಬೆನ್ನ ಮೇಲೆ ತಣ್ಣೀರು ಸುರಿದಂತೆ. ಅಮ್ಮನ ಚೆಂಡು ದಿನದಿಂದ ದಿನಕ್ಕೆ, ಗೊತ್ತೇ ಆಗದಷ್ಟು ಸ್ವಲ್ಪಸ್ವಲ್ಪವೇ ನಿಧಾನವಾಗುತ್ತ ಬಂದಿತ್ತು. ಅದಕ್ಕೆ ಸರಿಯಾಗಿ ಇವಳೂ ನಿಧಾನವಾಗುತ್ತ ಬಂದಿದ್ದಳು. ಚೆಂಡು ಇನ್ನೂ ಬರಲಿಲ್ಲವಲ್ಲ ಎಂದು ಕಾಯುವ ಹೊತ್ತನ್ನು ತುಂಬಿಸಲು ಆ ಹಾರಾಟ ತಾನಾಗಿ ಹುಟ್ಟಿಕೊಂಡಿತ್ತು. ಹೋದ ವರ್ಷ ಅವಳು ಹಾರುತ್ತಿರಲಿಲ್ಲ. ಹೋದ ವರ್ಷ ಅವಳನ್ನು ಯಾರೂ ಮಿಡತೆ ಎಂದು ಕರೆದಿರಲಿಲ್ಲ.

ಬ್ಯಾಟು ಕೈಯಿಂದ ಜಾರಿ ಸಿಮೆಂಟಿನ ನೆಲದ ಮೇಲೆ ಬಿತ್ತು. ಆ ಸದ್ದಿಗೆ ಮೂವರೂ ಬೆಚ್ಚಿದರು.

ಸಂಜೆ ಅಪ್ಪ ವ್ಯಾನು ನಿಲ್ಲಿಸಿ ಒಳಗೆ ಬಂದಾಗ ಕೋಚ್ ಇನ್ನೂ ಅಲ್ಲೇ ಇದ್ದಳು. ನಡೆದದ್ದನ್ನು ಅವಳು ಹೇಳುತ್ತಿದ್ದಂತೆ ಅಪ್ಪ ಹ್ಯಾಂಗರಿಗೆ ಹಾಕಿದ ಕೋಟುಗಳನ್ನು ತೋಳಿನ ಮೇಲೆ ಹೊತ್ತುಕೊಂಡೇ ಕೇಳಿದ, ಕೆಳಗಿಡುವುದು ಮರೆತುಹೋಗಿತ್ತು.

"ಕಾಲರುಗಳು" ಎಂದ ಕೊನೆಗೆ.

"ಯಾವ ಕಾಲರು?" ಎಂದಳು ಅಜ್ಜಿ.

"ಇವಳು ಇಸ್ತ್ರಿ ಮಾಡಿದ ಶರ್ಟಿನ ಕಾಲರುಗಳು ಈಚೆಗೆ ಸರಿಯಾಗಿ ಕೂರ್ತಿರಲಿಲ್ಲ. ಬೆಳಿಗ್ಗೆ ಎದ್ದು ನಾನೇ ಇನ್ನೊಂದು ಸಲ ತಿಕ್ಕಿಡ್ತಿದ್ದೆ. ಕೆಲಸ ಜಾಸ್ತಿ ಆಗಿ ಸುಸ್ತಾಗಿದಾಳೆ ಅಂದ್ಕೊಂಡೆ."

ಅಮ್ಮ ಗಂಡನನ್ನು ನೋಡಿದಳು. "ನನಗೆ ಹೇಳಬಾರದಿತ್ತೇನ್ರೀ?"

"ಬೇಜಾರು ಮಾಡ್ಕೋತೀಯ ಅಂತ."

ಒಂದೇ ಸೂರಿನಡಿ, ಒಂದೇ ಮೇಜಿನ ಸುತ್ತ ಉಣ್ಣುವ ನಾಲ್ಕು ಜನ. ಒಬ್ಬೊಬ್ಬರೂ ಒಂದೊಂದು ಚೂರು ಕಂಡಿದ್ದರು. ಯಾರೊಬ್ಬರೂ ಪೂರ್ತಿ ನೋಡಿರಲಿಲ್ಲ. ಅಜ್ಜಿ, ಎಂದೂ ಮಾತಿಗೆ ತಡಕಾಡದವಳು, ಗಲ್ಲಾಪೆಟ್ಟಿಗೆಯ ಮುಚ್ಚಳವನ್ನು ಸುಮ್ಮನೆ ತೆಗೆದಳು, ಸುಮ್ಮನೆ ಮುಚ್ಚಿದಳು.

ನರರೋಗದ ಡಾಕ್ಟರು ಅಮ್ಮನ ವಯಸ್ಸಿನವಳೇ. ಅವಳು ಯಂತ್ರ ಗಿಂತ್ರ ಏನೂ ತರಲಿಲ್ಲ. ಹೆಬ್ಬೆರಳಿಗೆ ತೋರುಬೆರಳನ್ನು ತಾಗಿಸಿ ತಾಗಿಸಿ ಬಿಡಲು ಹೇಳಿದಳು. ಅಮ್ಮನ ಬೆರಳುಗಳು ಮೊದಮೊದಲು ದೊಡ್ಡದಾಗಿ ಅಗಲಿದವು, ಆಮೇಲೆ ಚಿಕ್ಕದಾದವು, ಆಮೇಲೆ ನಡುವೆಯೇ ತಡೆದು ನಿಂತವು. ಕಾರಿಡಾರಿನಲ್ಲಿ ನಡೆದು ಬರಲು ಹೇಳಿದಳು. ಎಡಗೈ ನಡಿಗೆಗೆ ತಕ್ಕಂತೆ ಬೀಸಿತು. ಬಲಗೈ ಪಕ್ಕಕ್ಕೆ ಅಂಟಿಕೊಂಡೇ ಇತ್ತು. ಕುರ್ಚಿಯಲ್ಲಿ ಕೂತು ನೋಡುತ್ತಿದ್ದ ಮಿಡತೆಗೆ ಆ ಕೈಯಿಂದ ಕಣ್ಣು ಕೀಳಲಾಗಲಿಲ್ಲ. ಅದು ಹಾಗೆ ನೇತಾಡುವುದನ್ನು ದಿನವೂ ಕಂಡಿದ್ದಳು. ಕಂಡೂ ಕಂಡಿರಲಿಲ್ಲ.

ಇನ್ನೂ ಕೆಲವು ಪರೀಕ್ಷೆಗಳಾದವು. ಕೊನೆಗೆ ಡಾಕ್ಟರು ಎದುರಿಗೆ ಕೂರಿಸಿಕೊಂಡು ಪಾರ್ಕಿನ್ಸನ್ ಎಂಬ ಹೆಸರು ಹೇಳಿದಳು.

"ಅದು ವಯಸ್ಸಾದವರಿಗೆ ಬರೋದಲ್ವಾ?" ಎಂದ ಅಪ್ಪ. "ಅದರಲ್ಲಿ ಕೈ ನಡುಗುತ್ತೆ. ಇವಳ ಕೈ ನಡುಗೋದೇ ಇಲ್ಲ."

"ಹೆಚ್ಚಿನವರಿಗೆ ವಯಸ್ಸಾದ ಮೇಲೇ ಬರುತ್ತೆ. ಕೆಲವರಿಗೆ ಬೇಗ ಬರುತ್ತೆ. ಎಲ್ಲರಿಗೂ ನಡುಕದಿಂದಲೇ ಶುರುವಾಗಲ್ಲ. ಕೆಲವರಿಗೆ ಮೈ ನಿಧಾನ ಆಗುತ್ತೆ, ಬಿಗಿಯಾಗುತ್ತೆ." ಡಾಕ್ಟರು ಅಮ್ಮನ ಕಡೆ ತಿರುಗಿದಳು. "ಇದನ್ನ ಪೂರ್ತಿ ವಾಸಿ ಮಾಡೋ ಔಷಧಿ ಇಲ್ಲ, ಸುಳ್ಳು ಹೇಳಲ್ಲ. ಹತೋಟಿಯಲ್ಲಿಡೋ ಮಾತ್ರೆ ಇದೆ. ಅದರಿಂದ ಬಹಳ ವರ್ಷ ಚೆನ್ನಾಗಿ ಕೆಲಸ ಮಾಡ್ಕೊಂಡು ಇರಬಹುದು. ಮುಖದ ಸ್ನಾಯುಗಳೂ ಸ್ವಲ್ಪ ಸಡಿಲ ಆಗಬಹುದು."

"ಮುಖದ್ದಾ?" ಎಂದಳು ಮಿಡತೆ.

"ಹೌದಮ್ಮ. ಈ ಕಾಯಿಲೇಲಿ ಮುಖವೂ ನಿಧಾನ ಆಗುತ್ತೆ. ಒಳಗೆ ಖುಷಿಯಾಗಿದ್ರೂ ಹೊರಗೆ ನಗು ಬರಲ್ಲ. ನೋಡೋರಿಗೆ ಸಿಟ್ಟಲ್ಲಿದ್ದಾರೇನೋ ಅನ್ಸುತ್ತೆ. ಮನೇಲಿ ಯಾರಿಗಾದ್ರೂ ಹಾಗನ್ಸಿತ್ತಾ?"

ಮಿಡತೆ ಅಮ್ಮನನ್ನು ನೋಡಿದಳು. ಕಾಯಿಲೆಯ ಹೆಸರು ಕೇಳಿದಾಗ ಆಗದ ಆಘಾತ ಈಗ ಆಯಿತು.

"ಅಮ್ಮಾ, ನಾನು ಮನೇಲಿ ಹೊಡೆದಾಗ ನಿನಗೆ..." ಎಂದಳು.

"ನಗ್ತಾನೇ ಇದ್ನಲ್ಲೇ" ಎಂದಳು ಅಮ್ಮ. "ಪ್ರತಿ ಸಲವೂ ನಗ್ತಿದ್ದೆ." ಹೇಳುತ್ತಲೇ ಅವಳ ಕೈ ಮೇಲೆ ಹೋಯಿತು. ಕೆನ್ನೆಯನ್ನು, ತುಟಿಯ ಕೊನೆಯನ್ನು, ಬೇರೆ ಯಾರದೋ ಮುಖವೆಂಬಂತೆ ಮುಟ್ಟಿ ಮುಟ್ಟಿ ನೋಡಿಕೊಂಡಳು. "ಕಾಣ್ತಿರ್ಲಿಲ್ವಾ?"

ಅಪ್ಪ ಕಿಟಕಿಯ ಕಡೆ ತಿರುಗಿಕೊಂಡ.

ಅಂಗಡಿಗೆ ವಾಪಸಾದ ಮೇಲೆ ಸುದ್ದಿ ಕೇಳಿದ ಅಜ್ಜಿ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿದಳು. ಆಮೇಲೆ ಸೊಸೆಯ ಹತ್ತಿರ ಬಂದು, "ನನ್ನ ನಾಲಿಗೆಗೆ ಬೆಂಕಿ ಬೀಳಲಿ. ಇಸ್ತ್ರಿ ಅಂದ್ನಲ್ಲ ನಾನು" ಎಂದಳು.

"ಬಿಡಿ ಅತ್ತೆ. ಆಗಲೂ ನಾನು ನಕ್ಕಿದ್ದೆ" ಎಂದಳು ಅಮ್ಮ.

ಇತ್ತ ಮೈದಾನದಲ್ಲಿ ಕೋಚ್ ಎಲ್ಲವನ್ನೂ ಮೊದಲಿನಿಂದ ಶುರುಮಾಡಿದಳು. ಮಿಡತೆಯ ಮೊಣಕೈ, ಹಿಡಿತ ಎಲ್ಲವನ್ನೂ ಅದರ ಪಾಡಿಗೆ ಬಿಟ್ಟಳು. "ನಿನ್ನ ಹೊಡೆತದಲ್ಲಿ ತಪ್ಪಿಲ್ಲ. ತಪ್ಪಿರೋದು ನಿನ್ನೊಳಗಿನ ಗಡಿಯಾರದಲ್ಲಿ. ಅದನ್ನ ನೀನು ಅಮ್ಮನ ತೋಳು ನೋಡಿ ಇಟ್ಕೊಂಡಿದ್ದೀಯ. ಈಗ ಎದುರಿಗಿರೋಳ ತೋಳು ನೋಡಿ ಇಟ್ಕೋಬೇಕು."

ದೊಡ್ಡ ಕ್ಲಾಸಿನ ಹುಡುಗಿಯೊಬ್ಬಳು ಎಸೆಯುತ್ತಿದ್ದಳು. ಅವಳ ತೋಳು ಮೇಲೇರುವಾಗಲೇ ಮಿಡತೆಯ ಭಾರ ಹಿಂಗಾಲಿಗೆ ಬಂದಿರಬೇಕು. ತೋಳು ಕೆಳಗಿಳಿದು ಸೊಂಟದ ಹತ್ತಿರ ಬರುವಷ್ಟರಲ್ಲಿ ಮುಂಗಾಲು ಹಾರದೆ ಗೀರದೆ, ಮೊಟ್ಟೆಯ ಮೇಲೆ ಇಟ್ಟಂತೆ ಹಗುರವಾಗಿ ನೆಲ ಮುಟ್ಟಿರಬೇಕು. ಅಲ್ಲಿಂದ ಚೆಂಡು ನೋಡುವುದು. ಹೊಡೆಯಬೇಕೆನಿಸಿದರೆ ಮೊದಲು ಸೊಂಟ ತಿರುಗಬೇಕು. ಕೈ ಮೈಗೆ ಹತ್ತಿರವಾಗಿ ಅದರ ಹಿಂದೆ ಬರಬೇಕು, ತಾಯಿಯ ಹಿಂದೆ ಮಗು ಬಂದಂತೆ. "ಕಾಲಿಡೋಕೆ ಬೇಗ, ಬೀಸೋಕೆ ಆತುರ ಇಲ್ಲ" ಎಂದು ಕೋಚ್ ಹಾಡಿನಂತೆ ಹೇಳುತ್ತಲೇ ಇದ್ದಳು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಬ್ಯಾಟಿನ ದಪ್ಪಭಾಗಕ್ಕೆ ಚೆಂಡು ತಗುಲಿ, ಓಡುವವರು ಮುಟ್ಟಬೇಕಾದ ಎರಡನೇ ಬೇಸನ್ನು ಕಾಯುವವಳ ತಲೆಯ ಮೇಲಿಂದ ಹಾರಿತು. ಎಲ್ಲರೂ ಹೋ ಎಂದರು. ಮಿಡತೆ ಮಾತ್ರ ಬ್ಯಾಟು ಕೆಳಗಿಳಿಸಿದಳು. ತಾನು ಸರಿಹೋದಷ್ಟೂ ಅಮ್ಮನ ಚೆಂಡಿನಿಂದ ದೂರ ಹೋಗುತ್ತಿದ್ದೇನೆ ಎಂಬುದು ಅವಳಿಗೆ ತಿಳಿದುಹೋಗಿತ್ತು.

ಆದ್ದರಿಂದ ಅವಳು ಒಂದು ಉಪಾಯ ಮಾಡಿದಳು. ಮೈದಾನದಲ್ಲಿ ಹೊಸ ಗಡಿಯಾರ, ಮನೆಯಲ್ಲಿ ಹಳೆಯದು. ಸಂಜೆ ಅಮ್ಮ ಎಸೆದಾಗ ಬೇಕೆಂದೇ ಕಾದು, ಬೇಕೆಂದೇ ಹಾರಿ ಹೊಡೆಯುತ್ತಿದ್ದಳು. ಎರಡು ದಿನ ನಡೆಯಿತು. ಮೂರನೆಯ ದಿನ ಅಮ್ಮ ತೋಳು ಸುತ್ತಿದವಳು ಚೆಂಡು ಬಿಡಲಿಲ್ಲ. ಮಿಡತೆ ಮಾತ್ರ ಹಾರಿ, ಇಲ್ಲದ ಚೆಂಡಿಗೆ ಕಾಯುತ್ತ ನಿಂತಿದ್ದಳು.

"ನಾಟಕ ಆಡ್ತಿದ್ದೀಯಾ?" ಎಂದಳು ಅಮ್ಮ.

"ಇಲ್ಲಮ್ಮ."

"ನಾನು ಪಿಚ್ಚರ್ ಆಗಿದ್ದೋಳು. ಬ್ಯಾಟ್ ಹಿಡಿದೋಳ ಕಾಲು ನೋಡಿದ್ರೆ ಅವಳ ತಲೇಲಿ ಏನಿದೆ ಅಂತ ಗೊತ್ತಾಗುತ್ತೆ ನನಗೆ. ಕೈ ನಿಧಾನ ಆಗಿದೆ, ಕಣ್ಣು ನೆಟ್ಟಗಿದೆ." ಚೆಂಡನ್ನು ಬುಟ್ಟಿಗೆ ಹಾಕಿದಳು. "ಅಯ್ಯೋ ಪಾಪ ಅನ್ನೋಕೆ ಬ್ಯಾಟ್ ಹಿಡಿಯೋದಾದ್ರೆ ಹಿಡೀಬೇಡ. ಒಳಗೆ ಹೋಗಿ ಬಟ್ಟೆ ಮಡಚು."

ಅಮ್ಮ ಹಾಗೆ ಮಾತಾಡಿದ್ದನ್ನು ಮಿಡತೆ ಎಂದೂ ಕೇಳಿರಲಿಲ್ಲ. ಒಳಗೆ ಹೋಗಲಿಲ್ಲ. ಅಲ್ಲೇ ತಂತಿಯ ಕೆಳಗೆ ಕೂತು, ಒದ್ದೆ ಟವೆಲ್ಲೊಂದಕ್ಕೆ ಮುಖ ಒತ್ತಿಕೊಂಡು ಅತ್ತಳು. ಸ್ವಲ್ಪ ಹೊತ್ತಾದ ಮೇಲೆ ಚಕ್ರದ ಕಿರುಗುಟ್ಟುವ ಸದ್ದು ಕೇಳಿ ತಲೆಯೆತ್ತಿದಳು.

ಅಮ್ಮ ಬಟ್ಟೆ ಸಾಗಿಸುವ ಕಬ್ಬಿಣದ ಟ್ರಾಲಿಯನ್ನು ತಳ್ಳಿಕೊಂಡು ಬರುತ್ತಿದ್ದಳು. ಓಣಿಯ ಅರ್ಧಕ್ಕೂ ಇತ್ತ ತಂದು ನಿಲ್ಲಿಸಿ, ಅದರ ಎತ್ತರದ ಚೌಕಟ್ಟಿಗೆ ದಪ್ಪ ಬಲೆಚೀಲಗಳನ್ನು ಬಿಗಿಯಾಗಿ ಕಟ್ಟತೊಡಗಿದಳು. ಬೆರಳು ಗಂಟು ಹಾಕಲು ಸತಾಯಿಸುತ್ತಿತ್ತು. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಕೈ ಹಾಕಲು ಮುಂದೆ ಬಂದವನು ಅವಳು ನೋಡಿದ ನೋಟಕ್ಕೆ ನಿಂತುಕೊಂಡ.

"ಏನಮ್ಮಾ ಇದು?" ಎಂದಳು ಮಿಡತೆ.

"ಚೆಂಡು ಬೇಗ ಬರಬೇಕು, ಅಷ್ಟೇ ತಾನೇ? ತೋಳು ಜೋರು ಮಾಡೋಕಾಗಲ್ಲ. ನಾನೇ ಹತ್ತಿರ ಬರ್ತೀನಿ." ಕೊನೆಯ ಗಂಟು ಎಳೆದಳು. "ಅಷ್ಟು ದೂರದಿಂದ ಜೋರಾಗಿ ಬಂದ್ರೇನು, ಇಷ್ಟು ಹತ್ತಿರದಿಂದ ಮೆಲ್ಲಗೆ ಬಂದ್ರೇನು, ನಿನ್ನ ಹತ್ರ ಬರೋಕೆ ಹಿಡಿಯೋ ಹೊತ್ತು ಒಂದೇ. ಏಳು."

ಬಲೆಯ ಪಕ್ಕದಿಂದ ತೋಳು ಚಾಚಿ ಎಸೆದು, ತಕ್ಷಣ ಅದರ ಹಿಂದೆ ಸರಿದಳು. ಮಿಡತೆ ಹಾರಲು ಹೋದಳು. ಹಾರುವಷ್ಟರಲ್ಲಿ ಚೆಂಡು ಹಿಂದಿನ ಶೀಟಿಗೆ ಬಡಿದಾಗಿತ್ತು. ಅವಳು ದಂಗಾಗಿ ಅಮ್ಮನನ್ನು ನೋಡಿದಳು.

"ಮುಂದಿನದು" ಎಂದಳು ಅಮ್ಮ.

ಕತ್ತಲಾಗುವವರೆಗೆ ಎಸೆದಳು. ದೊಡ್ಡದಾಗಿ ಕೈ ಬೀಸುವ ಯಾವ ಆಟವಾದರೂ ಒಳ್ಳೆಯದೇ ಎಂದು ಡಾಕ್ಟರೇ ಹೇಳಿದ್ದಳು. ಕೋಚ್ ಮರುದಿನ ಬಂದು ಟ್ರಾಲಿಯ ಸುತ್ತ ಒಂದು ಸುತ್ತು ಹಾಕಿ, "ಈ ಬುದ್ಧಿ ನನಗ್ಯಾಕೆ ಹೊಳೀಲಿಲ್ಲ" ಎಂದಳು. "ನೀನು ಹಿಂದೆ ಕೂತು ಹಿಡಿಯೋಳು. ನಿನಗೆ ಮುಂದೆ ಹೋಗಿ ಅಭ್ಯಾಸ ಇಲ್ಲ" ಎಂದಳು ಅಮ್ಮ. ಇಬ್ಬರೂ ನಕ್ಕರು. ಒಬ್ಬಳದು ಮಾತ್ರ ಕಂಡಿತು.

ವಲಯದ ಪಂದ್ಯದ ದಿನ ಅಪ್ಪ ಅಂಗಡಿಗೆ ಬೀಗ ಹಾಕಿ, ಎಲ್ಲರನ್ನೂ ವ್ಯಾನಿನಲ್ಲಿ ಕೂರಿಸಿಕೊಂಡು ಬಂದ. ಎದುರು ತಂಡದ ಪಿಚ್ಚರ್ ಎತ್ತರದ ಹುಡುಗಿ, ಚೆಂಡು ಬಿಡುವಾಗ ಹ್ಞೂಂ ಎನ್ನುತ್ತಿದ್ದಳು. ಮೊದಲ ಸರದಿಯಲ್ಲಿ ಮಿಡತೆ ಮೂರು ಚೆಂಡನ್ನೂ ಬಿಟ್ಟು ಔಟಾಗಿ ವಾಪಸು ಬಂದಳು. ಕಾಲುಗಳು ಹಳೆಯದಕ್ಕೇ ಎಳೆಯುತ್ತಿದ್ದವು. ಎರಡನೆಯ ಸರದಿಯಲ್ಲಿ ತಗುಲಿತು, ಆದರೆ ನೆಲಕ್ಕೆ ಬಡಿದು ನೇರವಾಗಿ ಫೀಲ್ಡ್ ಮಾಡುವವಳ ಕೈಸೇರಿತು; ಮೊದಲ ಬೇಸು ಮುಟ್ಟುವ ಮುಂಚೆಯೇ ಔಟು. ಕೋಚ್ ಬೈಯಲಿಲ್ಲ. "ತಡ ಆಗ್ಲಿಲ್ಲ ನೋಡು" ಎಂದಳು ಅಷ್ಟೇ.

ಕೊನೆಯ ಸರದಿ ಬಂದಾಗ ಅವಳ ತಂಡ ಹಿಂದಿತ್ತು. ಮಿಡತೆ ಬ್ಯಾಟು ಎತ್ತಿ ನಿಂತಳು. ಎತ್ತರದ ಹುಡುಗಿಯ ತೋಳು ಮೇಲೇರಿತು. ಇವಳ ಭಾರ ಹಿಂದೆ ಸರಿಯಿತು. ತೋಳು ಇಳಿಯಿತು; ಇವಳ ಕಾಲು ಆಗಲೇ ನೆಲದಲ್ಲಿತ್ತು, ಹಗುರವಾಗಿ, ಕಾಯುತ್ತ. ಚೆಂಡು ದೊಡ್ಡದಾಗಿ ಕಂಡಿತು. ಸೊಂಟ ತಿರುಗಿತು. ಮಿಕ್ಕದ್ದನ್ನು ಅವಳು ಮಾಡಿದಳೆನ್ನುವುದಕ್ಕಿಂತ ಅದು ಆಯಿತು ಎನ್ನಬೇಕು. ಕೈಗೆ ಪೆಟ್ಟಿನ ಅರಿವೇ ಆಗಲಿಲ್ಲ. ಚೆಂಡು ಎಡಗಡೆಯ ಹುಡುಗಿಯರಿಬ್ಬರ ನಡುವೆ ಹಾದು ಬೇಲಿಯವರೆಗೂ ಉರುಳಿತು.

ಎರಡನೇ ಬೇಸಿನ ಮೇಲೆ ಜಾರಿ ಎದ್ದು ನಿಂತಾಗ ಅವಳಿಗೆ ಏದುಸಿರು. ತಾನೇ ಹೊಡೆದದ್ದೆಂದು ನಂಬಿಕೆಯಾಗದೆ ಸುತ್ತ ನೋಡಿದಳು. ಆಮೇಲೆ ಮೆಟ್ಟಿಲುಗಳ ಕಡೆ ನೋಡಿದಳು. ಅಜ್ಜಿ ಎದ್ದು ನಿಂತು ಕೊಡೆ ಆಡಿಸುತ್ತಿದ್ದಳು. ಪಕ್ಕದಲ್ಲಿ ಅಮ್ಮ ಕೂತಿದ್ದಳು. ಮಾತ್ರೆ ಶುರುವಾಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಮುಖ ಹಾಗೆಯೇ ಇತ್ತು, ಗೆರೆಯಿಲ್ಲದೆ, ಅಲುಗದೆ. ಎಲ್ಲ ಗೊತ್ತಿದ್ದೂ ಮಿಡತೆ ಆ ಮುಖದಲ್ಲಿ ನಗು ಹುಡುಕಿದಳು.

ಅಮ್ಮ ಅಪ್ಪನ ತೋಳು ಜಗ್ಗಿ, ಕಿವಿಯಲ್ಲಿ ಏನೋ ಹೇಳಿದಳು. ಅವಳ ದನಿ ಈಗ ಮೈದಾನ ದಾಟುತ್ತಿರಲಿಲ್ಲ. ಅಪ್ಪ, ಗಿರಾಕಿಗಳ ಹತ್ತಿರವೂ ಎರಡು ಮಾತಿಗಿಂತ ಹೆಚ್ಚು ಆಡದವನು, ಎದ್ದು ನಿಂತು ಬಾಯಿಗೆ ಎರಡೂ ಕೈ ಅಡ್ಡ ಹಿಡಿದ.

"ನಿಮ್ಮಮ್ಮ ನಗ್ತಿದಾಳಂತೆ" ಎಂದು ಕೂಗಿದ.

ಮೆಟ್ಟಿಲ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಎದುರು ತಂಡದ ಪಿಚ್ಚರ್ ಕೂಡ ನೋಡಿದಳು. ಅಮ್ಮ ಮತ್ತೊಮ್ಮೆ ತೋಳು ಜಗ್ಗಿದಳು.

"ತುಂಬಾ ನಗ್ತಿದಾಳಂತೆ" ಎಂದ ಅಪ್ಪ, ಇನ್ನೂ ಗಟ್ಟಿಯಾಗಿ.

ಎರಡನೇ ಬೇಸಿನ ಹುಡುಗಿ, "ಯಾರದು? ಯಾಕೆ ಹಾಗೆ ಕೂಗ್ತಿದಾರೆ?" ಎಂದು ಕೇಳಿದಳು. ಮಿಡತೆ ಹೆಲ್ಮೆಟ್ಟನ್ನು ಕೆಳಕ್ಕೆ ಎಳೆದುಕೊಂಡು, ಮುಂದಿನವಳ ಹೊಡೆತಕ್ಕೆ ಓಡಲು ಸಿದ್ಧಳಾಗಿ ಬಗ್ಗಿದಳು.

ಮುಂದಿನವಳು ಔಟಾದಳು. ತಂಡ ಸೋತಿತು. ಕೋಚ್ ಎಲ್ಲರ ಬೆನ್ನು ತಟ್ಟಿ, ಬ್ಯಾಟುಗಳನ್ನು ಚೀಲಕ್ಕೆ ತುಂಬಿದಳು. ವಾಪಸು ಬರುವಾಗ ವ್ಯಾನಿನ ಹಿಂದಿನ ಸೀಟಿನಲ್ಲಿ ಅಮ್ಮ ಮಗಳ ಪಕ್ಕ ಕೂತು, ಅವಳ ಮಂಡಿಯ ಮೇಲಿನ ತರಚು ಗಾಯವನ್ನು ಬಾಟಲಿಯ ನೀರಿನಿಂದ ತೊಳೆದಳು. ಬಲಗೈ ನಿಧಾನವಾಗಿತ್ತು. ಮಿಡತೆ ಆತುರಪಡಿಸದೆ ಕಾಲು ಚಾಚಿ ಕೂತಿದ್ದಳು.

"ಆ ಮೊದಲ ಸರದೀಲಿ ಎರಡನೇ ಚೆಂಡು ಹೊಡೀಬೇಕಿತ್ತು ನೀನು" ಎಂದಳು ಅಮ್ಮ.

"ಗೊತ್ತು."

"ಗೊತ್ತಿದ್ರೆ ಸರಿ. ನೋಡು, ಈಗ ಬೈತಿದ್ದೀನಿ. ಇದು ನಗು ಅಲ್ಲ."

ಮುಂದೆ ಕೂತ ಅಜ್ಜಿ ಮೊದಲು ನಕ್ಕಳು, ಆಮೇಲೆ ಅಪ್ಪ. ವ್ಯಾನು ಅಂಗಡಿಯ ಬೀದಿಗೆ ತಿರುಗಿತು. ಮುಚ್ಚಿದ ಷಟರಿನ ಮುಂದೆ, ಬಟ್ಟೆಗಂಟು ಕಂಕುಳಲ್ಲಿಟ್ಟುಕೊಂಡು ಇಬ್ಬರು ಗಿರಾಕಿಗಳು ಕಾಯುತ್ತಿದ್ದರು.